ಅಮೆರಿಕದಲ್ಲಿ ನರ್ಸ್ ಅನಸ್ತೀಶಿಯಾ (ನರ್ಸ್‌ಗಳೇ ಅರಿವಳಿಕೆ ಕೊಡುವ ವೃತ್ತಿ) ಓದುವವರು ಯಾವ ಸಂಘ ಸೇರಬಹುದು?

ಮುಖ್ಯವಾದದ್ದು ಎಎಎನ್‌ಎ, ಅಂದರೆ ಅಮೆರಿಕದ ಅರಿವಳಿಕೆ ನರ್ಸ್‌ಗಳ ಸಂಘ. ಅಗಥಾ ಹಾಡ್ಗಿನ್ಸ್ ಎಂಬ ನರ್ಸ್ 1931ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಕಟ್ಟಿದ ಸಂಘವಿದು. ಕೆಲಸದಲ್ಲಿರುವವರದ್ದೇ ಆದರೂ ವಿದ್ಯಾರ್ಥಿಗಳಿಗೂ ಸದಸ್ಯತ್ವ ಕೊಡುತ್ತದೆ. ಸಮ್ಮೇಳನ, ಜರ್ನಲ್, ಹಿರಿಯರ ಪರಿಚಯ ಇವೆಲ್ಲ ಸಿಗುತ್ತವೆ. ನನ್ನ ಪ್ರಕಾರ ಪರಿಚಯವೇ ದೊಡ್ಡ ಲಾಭ.

ಆದರೆ ಸದಸ್ಯರಾದ ಮಾತ್ರಕ್ಕೆ ಕೆಲಸ ಮಾಡಲು ಆಗುವುದಿಲ್ಲ. ಓದು ಮುಗಿಸಿ ರಾಷ್ಟ್ರೀಯ ಪರೀಕ್ಷೆ ಪಾಸಾಗಬೇಕು. ಅದನ್ನು ನಡೆಸುವುದು ಬೇರೆಯೇ ಮಂಡಳಿ. 2022ರಿಂದ ಈ ಓದಿಗೆ ಹೊಸದಾಗಿ ಸೇರುವವರಿಗೆ ಡಾಕ್ಟರೇಟ್ ಮಟ್ಟದ ಕೋರ್ಸೇ ಕಡ್ಡಾಯ.

ನಮ್ಮಲ್ಲಿ ಅರಿವಳಿಕೆ ಕೊಡುವುದು ಡಾಕ್ಟರ ಕೆಲಸ ಅಲ್ವಾ, ಹಾಗಾಗಿ ಗೊಂದಲ ಜಾಸ್ತಿ. ಇಲ್ಲಿನ ಬಿಎಸ್ಸಿ ಅನಸ್ತೀಶಿಯಾ ಟೆಕ್ನಾಲಜಿ ನರ್ಸಿಂಗ್ ಡಿಗ್ರಿಯಲ್ಲ. ಅಲ್ಲಿ ಓದಲು ಮೊದಲು ಅಮೆರಿಕದ ನರ್ಸ್ ಲೈಸೆನ್ಸ್, ಜೊತೆಗೆ ಕನಿಷ್ಠ 1 ವರ್ಷ ಐಸಿಯುನಂಥ ಕಡೆ ದುಡಿದ ಅನುಭವ ಬೇಕು.