ಸಿಮೆಂಟಿನ ಎತ್ತು ಕೆಡವಬೇಕೇ?

ಪ್ರಶ್ನೆ: ನಮ್ಮ ಟ್ರಸ್ಟಿನ ಹಳ್ಳಿಬದುಕಿನ ಥೀಮ್ ಪಾರ್ಕ್ ಹಳೆಯದಾಗಿದೆ. ಸಿಮೆಂಟಿನ ಎತ್ತು, ರೊಟ್ಟಿ ಬಡಿಯುವ ಹೆಣ್ಣುಮಗಳು ಬಿರುಕು ಬಿಟ್ಟಿವೆ. ಕೆಡವಿ ಫೈಬರ್ ಮೂರ್ತಿ ನಿಲ್ಲಿಸೋಣವೇ?
– ಓದುಗರು, ನರಗುಂದ

ಉತ್ತರ: ಅವಸರ ಬೇಡ. ಬಿರುಕು ಪೀಠದಿಂದ ಮೇಲೇರಿದ್ದರೆ ಕಾರಣ ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಸುತ್ತ ನೀರು ನಿಲ್ಲದಂತೆ ಇಳಿಜಾರು, ಗಟಾರ ಮಾಡಿಸದೆ ಮೂರ್ತಿಗೆ ಕೈ ಹಚ್ಚಬೇಡಿರಿ. ಹಚ್ಚಿದ ತೇಪೆ ಮತ್ತೆ ಬಾಯಿ ಬಿಡುತ್ತದೆ.

ಕಾಲು, ಕೊಂಬಿನ ಉದ್ದಕ್ಕೆ ಕಂದು ಕಲೆಯ ಸೀಳಿದ್ದರೆ ಒಳಗಿನ ಸರಳು ತುಕ್ಕು ಹಿಡಿದು, ಉಬ್ಬಿ, ಸಿಮೆಂಟನ್ನು ಒಡೆದಿದೆ. ಸಣ್ಣ ಸುತ್ತಿಗೆಯಿಂದ ತಟ್ಟಿರಿ. ಟೊಳ್ಳು ಸದ್ದು ಬಂದಲ್ಲಿ ಸರಳಿನ ಹಿಂಬದಿಯೂ ಕಾಣುವಷ್ಟು ಕೆತ್ತಿ, ತಂತಿ ಬ್ರಷ್‌ನಿಂದ ಉಜ್ಜಿ, ಜಿಂಕ್ ಪ್ರೈಮರ್ ಬಳಿಯಿರಿ. ಹಿಂಬದಿ ಬಿಟ್ಟರೆ ತುಕ್ಕು ಅಲ್ಲಿಂದಲೇ ಮರಳುತ್ತದೆ. ಗಾರೆಗೆ 1 ಪಾಲು ಸಿಮೆಂಟು, 3 ಪಾಲು ತೊಳೆದ ಉಸುಕು, 50 ಕೆ.ಜಿ. ಸಿಮೆಂಟಿಗೆ 5ರಿಂದ 10 ಲೀಟರ್ ಎಸ್‌ಬಿಆರ್ ಲೇಟೆಕ್ಸ್ (ಗಾರೆಯ ಹಿಡಿತ ಹೆಚ್ಚಿಸುವ ಹಾಲಿನಂಥ ದ್ರವ; ಡಬ್ಬಿಯ ಮೇಲಿನ ಅಳತೆ ನೋಡಿಕೊಳ್ಳಿರಿ). ಒಂದು ಪದರ 10 ಮಿ.ಮೀ. ಮೀರಿದರೆ ಜೋತುಬೀಳುತ್ತದೆ. ಮೊದಲೆರಡು ದಿನ ಒದ್ದೆ ಗೋಣಿಚೀಲ ಹೊದಿಸಿರಿ.

ಬಣ್ಣ 28 ದಿನದ ನಂತರ, ಹೊರಗೋಡೆಯ ಅಕ್ರಿಲಿಕ್. ಆಯಿಲ್ ಪೇಂಟ್ ಹಚ್ಚಿದರೆ ಒಳಗಿನ ಪಸೆ ಹೊರಬರಲಾಗದೆ ಸಿಪ್ಪೆ ಏಳುತ್ತದೆ. ಮೂರ್ತಿಯ ಮುಖ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ, ಅದೂ ಉತ್ಸಾಹಿ ಪೇಂಟರ್ ಕೈಯಲ್ಲಿ! ಕೆರೆಯುವ ಮೊದಲೇ ಕಣ್ಣು, ಕುಂಕುಮ, ಸೀರೆಯ ದಡಿಯ ಫೋಟೊ ತೆಗೆದಿಡಿರಿ. ಇಂಥದೇ ಹಳ್ಳಿಬದುಕಿನ ಮೂರ್ತಿಗಳಿರುವ, ಶಿಗ್ಗಾಂವಿ ತಾಲ್ಲೂಕು ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಒಮ್ಮೆ ನೋಡಿ ಬರುವುದು ಒಳ್ಳೆಯದು.

ಸರಳು ಪೂರ್ತಿ ಸವೆದ ಮೂರ್ತಿಗೆ ಮಾತ್ರ, ಅದರದೇ ಅಚ್ಚು ತೆಗೆದು ಫೈಬರ್ ಮಾಡಿಸಿರಿ. ಹಳೆ ಜೋಕಾಲಿ, ಜಾರುಬಂಡಿಗೆ ಪರಂಪರೆಯ ನೆಪ ಬೇಡ. ಹೊಸದು ಹಾಕಿ, ಕೆಳಗೆ 30 ಸೆಂ.ಮೀ. ಉಸುಕು ಸುರಿಸಿರಿ.