ಕಡಲಿನ ಕರೆಂಟು ರಾಯಚೂರಿಗೆ ಬರುವುದೇ?

ಪ್ರಶ್ನೆ: ರಾಜ್ಯದ ದೀಪಕ್ಕಾಗಿ ನಮ್ಮ ಜಿಲ್ಲೆ ಇನ್ನೆಷ್ಟು ಕಲ್ಲಿದ್ದಲು ಸುಡಬೇಕು? 320 ಕಿಲೋಮೀಟರ್ ಕರಾವಳಿ ಇದೆಯಲ್ಲ, ಹಗಲಿರುಳು ಬಡಿಯುವ ಅಲೆಗಳಿಂದ ವಿದ್ಯುತ್ ತೆಗೆದು ಇಲ್ಲಿಗೆ ಕಳುಹಿಸಬಾರದೇ?
— ಓದುಗರೊಬ್ಬರು, ಸಿಂಧನೂರು

ಉತ್ತರ: ಮಾನ್ಯರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಲೆಕ್ಕ ಮಾತ್ರ ಕೂಡುವುದಿಲ್ಲ. ನಮ್ಮ ಶಕ್ತಿನಗರದ ಕಲ್ಲಿದ್ದಲು ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್. ಅಲೆಗಳಿಗೆ ಮೊದಲು ಕಡಲಿನ ಉಬ್ಬರವಿಳಿತವನ್ನೇ ನೋಡೋಣ: ಅದರಿಂದ ನಡೆಯುವ ಸ್ಥಾವರಗಳಲ್ಲಿ ಜಗತ್ತಿಗೇ ದೊಡ್ಡದಾದ ದಕ್ಷಿಣ ಕೊರಿಯಾದ ಸಿಹ್ವಾದ್ದು 254. ನಮ್ಮಲ್ಲಿನ ಒಂದು ಘಟಕಕ್ಕಿಂತ ತುಸು ಹೆಚ್ಚು, ಅಷ್ಟೇ. ಅದೂ ಉಬ್ಬರದ ಹೊತ್ತು ನೋಡಿಕೊಂಡು ತಿರುಗಬೇಕು.

ಉಬ್ಬರವಿಳಿತದ ನೀರನ್ನು ತಡೆದು ಟರ್ಬೈನ್ ತಿರುಗಿಸುವ ಇಂಥ ಕಟ್ಟೆ ಲಾಭದಾಯಕವಾಗಲು ನೀರು ಐದಾರು ಮೀಟರ್ ಏರಿಳಿಯಬೇಕು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದು 11 ಮೀಟರ್‌ವರೆಗೂ ಹೋಗುತ್ತದೆ. ಮಂಗಳೂರಿನಲ್ಲಿ ಎರಡು ಮೀಟರಿನೊಳಗೇ ಮುಗಿಯುತ್ತದೆ. ತುಂಗಭದ್ರಾ ಅಣೆಕಟ್ಟನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೀರು ಎಷ್ಟಿದ್ದರೂ ಬೀಳಲು ಎತ್ತರ ಬೇಕು.

ಅಲೆಗಳ ಸಂಗತಿ ಬೇರೆ. ಕೇರಳದ ವಿಳಿಂಜಂ ಮೀನುಗಾರಿಕೆ ಬಂದರಿನಲ್ಲಿ ಮದ್ರಾಸ್ ಐಐಟಿಯವರು 1991ರಲ್ಲೇ 150 ಕಿಲೋವ್ಯಾಟ್ ಘಟಕವನ್ನು ಚಾಲೂ ಮಾಡಿದ್ದರು. ಬಂದರಿನ ತಡೆಗೋಡೆಯ ಪಕ್ಕ ಒಂದು ಕಾಂಕ್ರೀಟ್ ಕೋಣೆ. ಅಲೆ ನುಗ್ಗಿದಾಗ ಒಳಗಿನ ಗಾಳಿ ಹೊರಕ್ಕೆ ತಳ್ಳಲ್ಪಡುತ್ತದೆ, ಅಲೆ ಸರಿದಾಗ ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಳಿ ಯಾವ ಕಡೆಯಿಂದ ಬಂದರೂ ಟರ್ಬೈನ್ ಒಂದೇ ದಿಕ್ಕಿಗೆ ತಿರುಗುತ್ತದೆ. ಜಾಣ ಏರ್ಪಾಡು! ಆದರೆ ಮಳೆಗಾಲದಲ್ಲಿ ಅಬ್ಬರಿಸುವ ಅರಬ್ಬಿ ಸಮುದ್ರ ಉಳಿದ ತಿಂಗಳಲ್ಲಿ ತಣ್ಣಗಿರುತ್ತದೆ. ಉಪ್ಪುನೀರು ಕಬ್ಬಿಣ ತಿನ್ನುವುದು ಮಾತ್ರ ವರ್ಷವಿಡೀ. ಆ ಘಟಕ ಈಗ ಕೆಲಸದಲ್ಲಿಲ್ಲ.

ಹಾಗೆಂದು ಈ ವಿದ್ಯೆಯನ್ನೇ ತಳ್ಳಿಹಾಕಲಾರೆ. ಸ್ಪೇನಿನ ಮುತ್ರಿಕು ಎಂಬ ಬಂದರಿನಲ್ಲಿ ಹೇಗೂ ಕಟ್ಟಬೇಕಿದ್ದ ತಡೆಗೋಡೆಯೊಳಗೇ ಹದಿನಾರು ಟರ್ಬೈನ್ ಕೂರಿಸಿದರು. 2011ರಲ್ಲಿ ಆರಂಭವಾದ ಅದರ ಸಾಮರ್ಥ್ಯ 296 ಕಿಲೋವ್ಯಾಟ್. ನಮ್ಮ ಕರಾವಳಿಯಲ್ಲೂ ಹೊಸ ತಡೆಗೋಡೆ ಏಳುವಾಗ ಹೀಗೆ ಯೋಚಿಸಬಹುದು. ಬಂದರಿನ ದೀಪಗಳಿಗೆ, ಮೀನಿಗೆ ಬೇಕಾದ ಐಸ್ ತಯಾರಿಕೆಗೆ ಒಂದಿಷ್ಟು ಆಸರೆಯಾದೀತು. ಲಕ್ಷದ್ವೀಪದಂಥ ಕಡೆ ಇದರ ಉಪಯೋಗ ಇನ್ನೂ ಹೆಚ್ಚು, ಅಲ್ಲಿ ಕರೆಂಟಿಗೆ ಬೇಕಾದ ಡೀಸೆಲನ್ನು ಹಡಗಿನಲ್ಲಿ ಸಾಗಿಸಬೇಕು. ಎಲ್ಲಿ ಕಟ್ಟಿದರೂ ಮೊದಲು ಮೀನುಗಾರರನ್ನು ಕೇಳಬೇಕು. ಫ್ರಾನ್ಸಿನ ಲಾ ರಾನ್ಸ್ ಎಂಬ ಉಬ್ಬರವಿಳಿತದ ಸ್ಥಾವರ 1966ರಲ್ಲಿ ಉದ್ಘಾಟನೆಯಾಯಿತು. ಅದನ್ನು ಕಟ್ಟಲು ಅಳಿವೆಯನ್ನು, ಅಂದರೆ ನದಿ ಕಡಲು ಸೇರುವ ಜಾಗವನ್ನು, ವರ್ಷಗಟ್ಟಲೆ ಮುಚ್ಚಿದ್ದರಿಂದ ಜಲಚರಗಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ.

ರಾಯಚೂರಿನ ಕಲ್ಲಿದ್ದಲಿಗೆ ಪರ್ಯಾಯ ಹುಡುಕಲು ಘಟ್ಟ ಇಳಿಯಬೇಕಿಲ್ಲ. ಪಾವಗಡದ ಸೌರ ಪಾರ್ಕ್ ಒಂದರದೇ ಸಾಮರ್ಥ್ಯ 2,050 ಮೆಗಾವ್ಯಾಟ್, ಕೊಪ್ಪಳದ ಬಯಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಲೇ ಇವೆ. ಸೂರ್ಯ ಮುಳುಗಿದ ಮೇಲೆ, ಗಾಳಿಯೂ ಬಿದ್ದಾಗ ಏನು ಮಾಡುವುದೆಂದು ನೀವು ಕೇಳಿದ್ದರೆ ನನಗೆ ನಿಜಕ್ಕೂ ಕಷ್ಟವಾಗುತ್ತಿತ್ತು. ಮುಂದಿನ ಪತ್ರದಲ್ಲಿ ಅದನ್ನೇ ಕೇಳಿ.