ಕೈಗೆ ಔಷಧ, ಕಣ್ಣಿಗೆ ಬೆಳಕು: ಐದು ದಿನ ಬಿಸಿಲು ಬೇಡವೆನ್ನುವುದೇಕೆ?

ಕಣ್ಣಿನ ಕಾಯಿಲೆಗೆ ಬೆಳಕಿನ ಚಿಕಿತ್ಸೆ ಪಡೆದ ತಾಯಿಯವರು ಐದು ದಿನ ಬಿಸಿಲಿಗೆ ಹೋಗಬಾರದೇಕೆ ಎಂದು ಕೇಳಿದ್ದೀರಿ. ಈ ಚಿಕಿತ್ಸೆಯಲ್ಲಿ ಕೊಡುವ ಔಷಧ ಬೆಳಕು ಬಿದ್ದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಶಿರಸಿಯಲ್ಲಿರುವ ನಿಮ್ಮ ತಾಯಿಯವರಿಗೆ ಕೈಯ ರಕ್ತನಾಳದ ಮೂಲಕ ಕೊಟ್ಟ ಔಷಧ ಕಣ್ಣಿಗಷ್ಟೇ ಅಲ್ಲದೆ ಚರ್ಮಕ್ಕೂ ತಲುಪಿರುವುದರಿಂದ, ಐದು ದಿನ ಬಿಸಿಲಿಗೆ ಹೋಗಬಾರದೆಂದು ವೈದ್ಯರು ಹೇಳಿದ್ದಾರೆ.

ವಯಸ್ಸಾದವರ ‘ಒದ್ದೆ’ ಬಗೆಯ ಮ್ಯಾಕ್ಯುಲಾ ಸವೆತದಲ್ಲಿ, ನೇರನೋಟ ಕೊಡುವ ಮ್ಯಾಕ್ಯುಲಾದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ನಡುಭಾಗದ, ಅಡಿಯಲ್ಲಿ ಸೋರುವ ರಕ್ತನಾಳಗಳು ಹೊಸದಾಗಿ ಬೆಳೆಯುತ್ತವೆ. ವರ್ಟೆಪೋರ್ಫಿನ್ ಎಂಬ ಈ ಔಷಧವನ್ನು ಹತ್ತು ನಿಮಿಷಗಳ ಕಾಲ ನಿಧಾನವಾಗಿ ಹರಿಸಿ, ಆರಂಭಿಸಿದ 15ನೆಯ ನಿಮಿಷಕ್ಕೆ, ಅಂದರೆ ಅದು ಆ ನಾಳಗಳಲ್ಲಿ ಹೆಚ್ಚಾಗಿ ಸೇರಿಕೊಂಡಿರುವಾಗ, 689 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರನ್ನು 83 ಸೆಕೆಂಡು ಹಾಯಿಸುತ್ತಾರೆ. ಈ ಲೇಸರ್ ತಾನಾಗಿ ಸುಡುವಷ್ಟು ತೀವ್ರವಲ್ಲ. ಔಷಧವು ಅದರ ಶಕ್ತಿಯನ್ನು ಹೀರಿಕೊಂಡು ಸುತ್ತಲಿನ ಆಮ್ಲಜನಕವನ್ನು ಅತಿ ಚುರುಕಾದ ರೂಪಕ್ಕೆ ತಿರುಗಿಸುತ್ತದೆ. ಅದು ನಾಳದ ಒಳಪದರವನ್ನು ಘಾಸಿಗೊಳಿಸಿದಾಗ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುತ್ತದೆ.

ಇದೇ ಕ್ರಿಯೆ ಚರ್ಮದಲ್ಲಿ ನಡೆದರೆ ಸುಟ್ಟಂತಾಗುತ್ತದೆ. ಆದ್ದರಿಂದ ಅಂಗಳದಲ್ಲಿ ಒಣಹಾಕಿದ ಅಡಿಕೆ ತಿರುವಲು ಕೂಡ ಈಗ ಅವರನ್ನು ಕಳಿಸಬೇಡಿ. ಹೊರಡಲೇಬೇಕಾದರೆ ತುಂಬುತೋಳಿನ ಬಟ್ಟೆ, ಕಪ್ಪು ಕನ್ನಡಕ ಇರಲಿ. ಕಣ್ಣಿಗೆ ಕಾಣುವ ಬೆಳಕೇ ಔಷಧವನ್ನು ಎಚ್ಚರಿಸುವುದರಿಂದ, ಮುಖ್ಯವಾಗಿ ಅತಿನೇರಳೆ ಕಿರಣಗಳನ್ನು ತಡೆಯುವ ಸನ್‌ಸ್ಕ್ರೀನ್ ಸಾಲದು. ಹಾಗೆಂದು ಕತ್ತಲೆ ಕೋಣೆಯಲ್ಲಿ ಕೂರಿಸುವುದೂ ತಪ್ಪು, ಏಕೆಂದರೆ ಮನೆಯೊಳಗಿನ ಸಾಧಾರಣ ಬೆಳಕಿನಲ್ಲಿ ಚರ್ಮದ ಔಷಧ ಮೆಲ್ಲಗೆ ನಿಷ್ಕ್ರಿಯವಾಗುತ್ತದೆ.

ಈಗ ಈ ಕಾಯಿಲೆಗೆ ಸಾಮಾನ್ಯವಾಗಿ ಮೊದಲು ಕೊಡುವುದು ಕಣ್ಣೊಳಗಿನ ಚುಚ್ಚುಮದ್ದನ್ನು; ನಾಳಗಳು ಗುಳ್ಳೆಯಂತೆ ಉಬ್ಬುವ ಬಗೆಯಲ್ಲಿ ಬೆಳಕಿನ ಚಿಕಿತ್ಸೆಗೆ ಇಂದಿಗೂ ಮಹತ್ವವಿದೆ.